‘ಯೆಸ್’ ಎಂದದ್ದು ಎಲ್ಲಿ ತಪ್ಪಿತು?

ಪ್ರಶ್ನೆ: ಗೋಕರ್ಣದ ಒಂದು ಲಾಡ್ಜಿನ ರಿಸೆಪ್ಷನ್‌ನಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ. ಮಾತನಾಡುವಾಗ ಮಾತ್ರ ಉತ್ತರವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಕಟ್ಟಿಕೊಂಡು ತಿರುಗಿಸುವಷ್ಟರಲ್ಲಿ ಎದುರಿನವರು ಮುಂದಿನ ಮಾತಿಗೆ ಹೋಗಿರುತ್ತಾರೆ. ಕಳೆದ ತಿಂಗಳು ರಾತ್ರಿ ವಿದೇಶಿ ಪ್ರವಾಸಿಗರೊಬ್ಬರು ಫೋನ್ ಮಾಡಿ, ‘ಯು ಡೋಂಟ್ ಹ್ಯಾವ್ ಎ ರೂಮ್ ಟುನೈಟ್?’ ಎಂದರು. ‘ಯೆಸ್ ಸರ್’ ಎಂದೆ. ಅವರು ಸಾಮಾನು ಸಮೇತ ಬಂದಿಳಿದರು; ಒಂದು ರೂಮೂ ಖಾಲಿ ಇರಲಿಲ್ಲ. ಮಾಲೀಕರು ಎಲ್ಲರೆದುರು ಬೈದರು. ನನ್ನ ಮಾತು ಒರಟು ಎಂಬ ದೂರೂ ಇದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೇ?
– ಓದುಗರೊಬ್ಬರು, ಗೋಕರ್ಣ

ಉತ್ತರ: ಆ ರಾತ್ರಿ ನೀವು ಕೊಟ್ಟ ಉತ್ತರ ಕನ್ನಡದ ಲೆಕ್ಕದಲ್ಲಿ ಪೂರ್ತಿ ಸರಿಯಾಗಿತ್ತು. ‘ರೂಮ್ ಇಲ್ಲವೇ?’ ಎಂದು ಯಾರಾದರೂ ಕೇಳಿದರೆ ನಾವು ‘ಹೌದು, ಇಲ್ಲ’ ಎನ್ನುತ್ತೇವೆ. ಆ ‘ಹೌದು’ ಕೇಳಿದವರ ಊಹೆಗೆ ಸಲ್ಲುತ್ತದೆ, ‘ಇಲ್ಲ’ ಎಂಬುದು ರೂಮಿಗೆ. ಜಪಾನೀಯರೂ ಹೀಗೆಯೇ ಉತ್ತರಿಸುತ್ತಾರೆ. ಇಂಗ್ಲಿಷಿನ ‘ಯೆಸ್’ಗೆ ಕೇಳಿದವರ ಊಹೆಯ ಗೊಡವೆಯಿಲ್ಲ, ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ರೂಮ್ ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಈ ವ್ಯತ್ಯಾಸವನ್ನು ಶಾಲೆಯಲ್ಲಿ ನಮಗೆ ಹೇಳಿಕೊಟ್ಟವರು ಕಡಿಮೆ. ಆದ್ದರಿಂದ ಬರಿಯ ‘ಯೆಸ್’ ಅಥವಾ ‘ನೋ’ಗೆ ನಿಲ್ಲಿಸದೆ ಇರುವ ವಿಷಯವನ್ನೇ ಹೇಳಿಬಿಡಿ: ‘ಸಾರಿ, ವಿ ಆರ್ ಫುಲ್ ಟುನೈಟ್.’

ಒರಟು ಎಂಬ ದೂರಿನ ಮೂಲವೂ ನಿಮ್ಮ ಸ್ವಭಾವದಲ್ಲಿಲ್ಲ. ಕನ್ನಡದಲ್ಲಿ ಗೌರವ ಇರುವುದು ಕ್ರಿಯಾಪದದ ತುದಿಯಲ್ಲಿ. ‘ಕೊಡು’ ಎನ್ನದೆ ‘ಕೊಡಿ’ ಎಂದರೆ ಬೇರೆ ಅಲಂಕಾರವೇನೂ ಬೇಡ, ಮರ್ಯಾದೆ ಸಂದಿತು. ಅದನ್ನೇ ‘ಗಿವ್ ಪಾಸ್‌ಪೋರ್ಟ್’ ಎಂದು ತಿರುಗಿಸಿದಾಗ ಆ ‘ಇ’ಕಾರ ದಾರಿಯಲ್ಲೇ ಉದುರಿಹೋಗಿ, ಕೇಳುವವರ ಕಿವಿಗೆ ಬರಿಯ ಅಪ್ಪಣೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಗೌರವ ವಾಕ್ಯದ ಆರಂಭಕ್ಕೆ ಬರಬೇಕು, ಅಪ್ಪಣೆ ಪ್ರಶ್ನೆಯಾಗಬೇಕು: ‘ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?’ ನಾನು ಕಾರವಾರದಲ್ಲಿ ಪಾಠ ಮಾಡುತ್ತಿದ್ದಾಗ, ಹೊರದೇಶದಿಂದ ಬಂದಿದ್ದ ಹಿರಿಯರೊಬ್ಬರಿಗೆ ನಮ್ಮ ‘ಬರ್ತೇನೆ’ಯನ್ನು ‘ಐ ವಿಲ್ ಕಮ್’ ಎಂದು ಹೇಳಿ ಮನೆಗೆ ಹೊರಟುಹೋದೆ. ಅವರು ಊಟಕ್ಕೂ ಏಳದೆ ವರಾಂಡದಲ್ಲಿ ನನಗಾಗಿ ಕಾದಿದ್ದರೆಂದು ಮರುದಿನ ತಿಳಿದಾಗ ಬಹಳ ನೋವಾಯಿತು.

ಮಾತು ತಡವಾಗುವುದಕ್ಕೆ ಕಾರಣ ವಾಕ್ಯದ ಕಟ್ಟು. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನದು ಕರ್ತೃಪದದ ಬೆನ್ನಿಗೇ ಬರುತ್ತದೆ. ಹಾಗಾಗಿ ಕನ್ನಡ ವಾಕ್ಯ ಮನಸ್ಸಿನಲ್ಲಿ ಮುಗಿಯುವ ತನಕ ಇಂಗ್ಲಿಷ್ ವಾಕ್ಯ ಹೊರಡುವುದೇ ಇಲ್ಲ. ಇಲ್ಲಿ ನಿಮ್ಮ ಕೆಲಸವೇ ನಿಮಗೆ ಅನುಕೂಲ. ಬಿಸಿನೀರು ಎಷ್ಟು ಹೊತ್ತಿಗೆ, ಓಂ ಬೀಚಿಗೆ ದಾರಿ ಯಾವುದು, ಕುಮಟೆಗೆ ಬಸ್ಸು ಎಲ್ಲಿ ಸಿಗುತ್ತದೆ, ಗೋಕರ್ಣ ರೋಡ್ ಸ್ಟೇಷನ್ನಿಗೆ ಆಟೋ ಎಷ್ಟಾಗುತ್ತದೆ ಎಂದು ದಿನವೂ ಅವವೇ ಪ್ರಶ್ನೆಗಳು ಬರುತ್ತವೆ. ಉತ್ತರಗಳನ್ನು ಇಡಿಯಾಗಿ ಇಂಗ್ಲಿಷಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಓದಿ ಬಿಡದೆ ಬಾಯಿಬಿಟ್ಟು ಹೇಳಿ, ನಾಲಿಗೆಗೆ ಕೂರುವವರೆಗೂ ಹೇಳಿ. ಉಚ್ಚಾರಣೆಯ ಚಿಂತೆ ಸದ್ಯಕ್ಕೆ ಬೇಡ. ನಿಮ್ಮಲ್ಲಿಗೆ ಬರುವ ಇಸ್ರೇಲಿನವರಿಗೂ ರಷ್ಯದವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ನಿಧಾನವಾಗಿ ಮಾತನಾಡಿದರೆ ಅವರಿಗೂ ಉಪಕಾರ.

ಕ್ಲಾಸಿಗೆ ಸೇರುವ ಮುನ್ನ ಒಂದು ದಿನ ಹೋಗಿ ಕುಳಿತು ನೋಡಿ. ಮೇಷ್ಟ್ರೇ ಮಾತನಾಡುತ್ತ ವ್ಯಾಕರಣ ಬರೆಸುವ ಕಡೆ ಹಣ ಹಾಕಬೇಡಿ; ನಿಮ್ಮ ಬಾಯಿಂದ ಮಾತು ಹೊರಡಿಸುವ ಕಡೆಯಾದರೆ ಸೇರಿ. ಮಾಲೀಕರು ಎಲ್ಲರೆದುರು ಬೈದದ್ದು ನ್ಯಾಯವಲ್ಲ, ಹೆದರಿದ ಬಾಯಿಂದ ಯಾವ ಭಾಷೆಯೂ ಸಲೀಸಾಗಿ ಹೊರಡುವುದಿಲ್ಲ. ಅವರಿಗೆ ಈ ಉತ್ತರವನ್ನು ತೋರಿಸಿ. ಇನ್ನು ಮುಂದೆ ಫೋನಿನಲ್ಲಿ ರೂಮ್ ಕೇಳಿದವರ ಹೆಸರು, ತಾರೀಕು, ಜನ ಎಷ್ಟು ಎಂಬುದನ್ನು ನೀವೇ ಒಮ್ಮೆ ತಿರುಗಿ ಹೇಳಿ, ಅವರು ಒಪ್ಪಿದ ಮೇಲೆಯೇ ಫೋನ್ ಇಡಿ.