ಬೀಗ ಹಾಕಿದ್ದು ಯಾರು?

ನಮಸ್ಕಾರ.

ಐವತ್ತರ ದಶಕದ ಕೊನೆಗೆ ಕಾಂಗ್ರೆಸ್ಸಿಗೆ ಎದುರಾಗಿ ಹುಟ್ಟಿದ ‘ಸ್ವತಂತ್ರ ಪಕ್ಷ’ದ ಏಳುಬೀಳಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ, ಇಸವಿಗಳೂ ಸರಿ ಇವೆ. ಸಂತೋಷ. ಆದರೆ ಎರಡನೇ ಪುಟದ ಒಂದು ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಹೇಳ್ತೀನಿ.

‘ನಕ್ಷತ್ರದಂತೆ ಉದಯಿಸಿದ ಪಕ್ಷ’ ಅಂತ ಶುರು ಮಾಡಿದ್ದೀರಿ. ಆ ಪಕ್ಷದ ಚುನಾವಣಾ ಗುರುತೇ ನಕ್ಷತ್ರ. ಗೊತ್ತಿದ್ದು ಬರೆದಿರೋ, ಸುಮ್ನೆ ಬಂದುಬಿಟ್ಟಿತೋ? ಇರಲಿ. ‘ಉದಯಿಸಿದ’ ಅಂದರೇನು? ಪಕ್ಷ ತಾನಾಗಿ ಹುಟ್ಟುತ್ತದೆಯೇ? 1959ರ ಜನವರಿಯಲ್ಲಿ ಕಾಂಗ್ರೆಸ್ ನಾಗಪುರದಲ್ಲಿ ಸಹಕಾರಿ ಕೂಡು ಬೇಸಾಯದ, ಅಂದರೆ ಹೊಲಗಳನ್ನು ಒಟ್ಟುಗೂಡಿಸಿ ಉಳುವ, ನಿರ್ಣಯ ಮಾಡಿತು. ಹೊಲ ಕೈತಪ್ಪಿ ಹೋಗುತ್ತದೆ ಅನ್ನುವ ಭಯ ರೈತರಲ್ಲಿ ಹುಟ್ಟಿತು. ಅದೇ ವರ್ಷ ರಾಜಾಜಿ (ಸಿ. ರಾಜಗೋಪಾಲಾಚಾರಿ), ಎನ್.ಜಿ. ರಂಗಾ, ಮಿನೂ ಮಸಾನಿ ಸೇರಿ ಪಕ್ಷ ಕಟ್ಟಿದರು. ಆಗ ರಾಜಾಜಿಗೆ 80 ವರ್ಷ! ಅಂಥವರನ್ನು ಬಿಟ್ಟು ಆಕಾಶ ತೋರಿಸ್ತೀರಲ್ಲ.

ಮುಂದಿನ ಸಾಲು, ‘ಜನಮನ ಗೆದ್ದಿತು’. ಯಾವ ಜನ? 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ, 1967ರಲ್ಲಿ 44. ಲೆಕ್ಕ ನೋಡಿದರೆ ಗೆದ್ದ ಹಾಗೇ ಇದೆ. ಆದರೆ ಬಿಹಾರ ನೋಡಿ. ರಾಮಗಢದ ರಾಜ ಕಾಮಾಖ್ಯ ನಾರಾಯಣ ಸಿಂಗ್ ತಮ್ಮ ಪುಟ್ಟ ಪಕ್ಷವನ್ನೇ ತಂದು ಇದಕ್ಕೆ ಸೇರಿಸಿದ್ದರು. 1962ರಲ್ಲಿ ಅಲ್ಲಿನ ವಿಧಾನಸಭೆಯಲ್ಲಿ 50 ಸ್ಥಾನ ಬಂತು. 1967ರ ಹೊತ್ತಿಗೆ ರಾಜರು ಪಕ್ಷದಲ್ಲಿರಲಿಲ್ಲ. ಬಂದದ್ದು 3. ವೋಟು ಬಿದ್ದದ್ದು ಪಕ್ಷಕ್ಕೋ, ರಾಜರಿಗೋ? ಇದು ನಿಮ್ಮ ಲೇಖನದಲ್ಲಿ ಅಡಿಟಿಪ್ಪಣಿಯಲ್ಲಿದೆ!

ಮೂರನೆಯದು, ‘ಕೊನೆಗೆ ಕಾಲ ಅದನ್ನು ನುಂಗಿತು’. ನಾನು ಪೆನ್ನು ಕೆಳಗಿಟ್ಟದ್ದು ಇಲ್ಲಿಯೇ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಗಿರಣಿ ಮುಚ್ಚಿಹೋಯಿತು’ ಅಂತ ಒಂದು ವರದಿ ಬರೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಓದಿ, “ಬೀಗ ಹಾಕಿದ್ದು ಯಾರಪ್ಪಾ?” ಅಂದರು. ಗೊತ್ತಿರಲಿಲ್ಲ. ಉರಿಬಿಸಿಲಲ್ಲಿ ವಾಪಸ್ ಕಳಿಸಿದರು. ಹೋಗಿ ಕೇಳಿದರೆ, ಬೀಗ ಹಾಕಿದ್ದು ಗೇಟಿನ ಕಾವಲುಗಾರ. ಅವನಿಗೇ ಮೂರು ತಿಂಗಳ ಸಂಬಳ ಬಾಕಿ. ವರದಿ ಅಚ್ಚಾದದ್ದು ಅವನಿಂದ ಶುರುವಾಗಿ. ಆ ದಿನ ಅವರನ್ನು ಎಷ್ಟು ಬೈದುಕೊಂಡಿದ್ದೆನೋ ಲೆಕ್ಕವಿಲ್ಲ.

ಹಾಗಾದರೆ ಸ್ವತಂತ್ರ ಪಕ್ಷಕ್ಕೆ ಬೀಗ ಹಾಕಿದ್ದು ಯಾರು? 1971ರಲ್ಲಿ ಜನಸಂಘ, ಸಂಸ್ಥಾ ಕಾಂಗ್ರೆಸ್ (ಕಾಂಗ್ರೆಸ್ ಒಡೆದಾಗ ಇಂದಿರಾ ವಿರೋಧಿಗಳ ಬಣ) ಮತ್ತು ಸಮಾಜವಾದಿಗಳ ಜೊತೆ ಕೂಟ ಮಾಡಿಕೊಂಡರು. ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕೆನ್ನುವ ಪರ್ಮಿಟ್-ಲೈಸೆನ್ಸ್ ರಾಜ್ಯವನ್ನು ಬೈಯುತ್ತಿದ್ದವರ ಪಕ್ಕ ಸಮಾಜವಾದಿಗಳು! ಎದುರಿಗೆ ಇಂದಿರಾ ಗಾಂಧಿಯವರ ‘ಗರೀಬಿ ಹಟಾವೋ’. ಉಳಿದದ್ದು 8 ಸ್ಥಾನ. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡರು. 1974ರಲ್ಲಿ ಪೀಲೂ ಮೋದಿ ಅಧ್ಯಕ್ಷರಾಗಿದ್ದಾಗ ಪಕ್ಷ ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು. ಇಷ್ಟು ಜನ ಕಣ್ಣೆದುರಿಗೇ ಇದ್ದಾರೆ. ಪಾಪ, ಕಾಲದ ಮೇಲೆ ಯಾಕೆ ಹಾಕ್ತೀರಿ?

ಉಳಿದ ಪುಟಗಳನ್ನು ಮುಟ್ಟಬೇಡಿ. ಈ ಪ್ಯಾರಾ ಒಂದನ್ನೇ ಮತ್ತೆ ಬರೆದು ಕಳಿಸಿ. ಉದ್ದ ಜಾಸ್ತಿ ಆದರೂ ಪರವಾಗಿಲ್ಲ. ರಾಮಗಢದ ರಾಜರನ್ನು ಮಾತ್ರ ಅಡಿಟಿಪ್ಪಣಿಯಿಂದ ಮೇಲೆ ತನ್ನಿ.