ಹೊಸ ಫೋರ್ ವೀಲ್ ಡ್ರೈವ್ ಪಿಕಪ್ ಬುಕ್ ಮಾಡಿದ್ದೇನೆ, ಬಂದ ದಿನವೇ ಎಲ್ಲಾ ಆಕ್ಸೆಸರಿ ಹಾಕಿಸಿಬಿಡಲೇ?

ನಿಮ್ಮ ಪಟ್ಟಿ ಓದಿ ನಗು ಬಂತು. ನಿಮ್ಮ ಮೇಲಲ್ಲ, ಆರು ವರ್ಷದ ಹಿಂದೆ ಇದೇ ಪಟ್ಟಿ ಹಿಡಿದುಕೊಂಡು ತಿರುಗುತ್ತಿದ್ದ ನನ್ನ ಮೇಲೆ. ಡಬಲ್ ಕ್ಯಾಬ್ ಪಿಕಪ್ ಬರೋಕೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ಸ್ಟೀಲ್ ಬುಲ್ ಬಾರ್ (ಮುಂದಿನ ಗಟ್ಟಿ ಬಂಪರ್), ವಿಂಚ್ (ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟಾರು), ಎರಡು ಇಂಚಿನ ಲಿಫ್ಟ್ (ಗಾಡಿ ಎತ್ತರಿಸುವ ಸ್ಪ್ರಿಂಗ್ ಕಿಟ್), ಸ್ನಾರ್ಕೆಲ್ (ಇಂಜಿನ್‌ಗೆ ಮೇಲಿನಿಂದ ಗಾಳಿ ತರುವ ಪೈಪ್), ಕ್ಯಾನೊಪಿ (ಹಿಂದಿನ ಬಾಡಿಯ ಗಟ್ಟಿ ಮುಚ್ಚಿಗೆ), ಡ್ರಾಯರ್, ರೂಫ್ ಟೆಂಟ್ ಎಲ್ಲಾ ತೆಗೆದಿಟ್ಟುಕೊಳ್ಳಬೇಕು ಅಂತಿದ್ದೀರಿ. ಮನೆಯಲ್ಲಿ ನಾಲ್ಕು ಜನ, ವಾರವಿಡೀ ಆಫೀಸ್ ಓಡಾಟ, ತಿಂಗಳಿಗೊಮ್ಮೆ ಎರಡು ರಾತ್ರಿ ಕ್ಯಾಂಪಿಂಗ್ ಅಂತಲೂ ಬರೆದಿದ್ದೀರಿ.

ಬೇಡ. ಮೊದಲ ಮೂರು ತಿಂಗಳು ಗಾಡಿಯನ್ನು ಬಂದ ಹಾಗೇ ಓಡಿಸಿ. ದುಡ್ಡು ಉಳಿಸಿ ಅಂತ ಹೇಳ್ತಿಲ್ಲ. ಪಿಕಪ್‌ನಲ್ಲಿ ದುಡ್ಡಿಗಿಂತ ಮೊದಲು ಖಾಲಿಯಾಗೋದು ಕಿಲೋ.

ನನ್ನದನ್ನೇ ಹೇಳ್ತೀನಿ. ಎಲ್ಲಾ ಹಾಕಿಸಿದ ಮೇಲೆ ಮೊದಲ ದೊಡ್ಡ ಪ್ರವಾಸ. ಟ್ಯಾಂಕ್ ತುಂಬಾ ಡೀಸೆಲ್, ಗಾಡಿ ತುಂಬಾ ಜನ. ದಾರಿಯಲ್ಲಿ ಲಾರಿ ತೂಗುವ ಒಂದು ವೇ ಬ್ರಿಡ್ಜ್ ಕಂಡಿತು. ಸುಮ್ನೆ ಕುತೂಹಲಕ್ಕೆ ಹತ್ತಿಸಿದೆ. ಚೀಟಿಯಲ್ಲಿ 3,120 ಅಂತ ಬಂತು. ಬಾಗಿಲ ಪಕ್ಕದ ಪ್ಲೇಟ್‌ನಲ್ಲಿ ಗಾಡಿಯ ಗರಿಷ್ಠ ತೂಕ 3,050 ಅಂತಿತ್ತು. ಎಪ್ಪತ್ತು ಕಿಲೋ ಜಾಸ್ತಿ. 'ಒಂದು ಟನ್ ಹೊರುವ ಗಾಡಿ' ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ, ಹಿಂದಿನ ಬಾಡಿಯಲ್ಲಿ ಒಂದು ಮೂಟೆಯೂ ಇರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಖಾಲಿ ಗಾಡಿ 2,110, ಅಂದರೆ ಹೊರಬಹುದಾದದ್ದು 940. ಬುಲ್ ಬಾರ್ 60, ವಿಂಚ್ 35, ಕ್ಯಾನೊಪಿ 85, ಡ್ರಾಯರ್ 70, ರ್‍ಯಾಕ್ ಮತ್ತು ಟೆಂಟ್ 95, ಕೆಳಗಿನ ಪ್ಲೇಟ್, ಎರಡನೇ ಬ್ಯಾಟರಿ, ಹಿಂದಿನ ಬಂಪರ್ ಎಲ್ಲಾ ಸೇರಿ ಇನ್ನೂ ನೂರರ ಮೇಲೆ. 450 ಕಿಲೋ ಅಲ್ಲೇ ಹೋಯಿತು. ಐದು ಜನ ಕೂತರೆ 350. ಉಳಿದದ್ದು 140. ಅದರಲ್ಲಿ 60 ಲೀಟರ್ ನೀರು ಅಂದರೆ 60 ಕಿಲೋ. ಫ್ರಿಜ್, ಪಾತ್ರೆ, ಹಾಸಿಗೆ, ಟೂಲ್ಸ್ ಎಲ್ಲಿಗೆ?

ಆದ್ದರಿಂದ ಪ್ರತಿ ವಸ್ತುವಿನ ಮುಂದೆ ಬೆಲೆ ಬರೆದ ಹಾಗೆ ತೂಕವನ್ನೂ ಬರೆಯಿರಿ. ಷೋರೂಮಿನವರು ಹೇಳುವ ಖಾಲಿ ತೂಕದಲ್ಲಿ ಡೀಸೆಲ್ ಸೇರಿದೆಯಾ ಅಂತಲೂ ಕೇಳಿ. ಕೆಲವರು ತುಂಬಿದ ಟ್ಯಾಂಕ್ ಹಿಡಿಯುತ್ತಾರೆ, ಕೆಲವರು ಹಿಡಿಯುವುದಿಲ್ಲ. 80 ಲೀಟರ್ ಡೀಸೆಲ್ ಹತ್ತಿರ ಹತ್ತಿರ 67 ಕಿಲೋ ಆಗುತ್ತದೆ, ಸಣ್ಣ ವ್ಯತ್ಯಾಸ ಅಲ್ಲ. ಇನ್ನೊಂದು, ತೂಕ ಎಲ್ಲಿ ಕೂರುತ್ತದೆ ಅನ್ನೋದೂ ಅಷ್ಟೇ ಮುಖ್ಯ. ಬುಲ್ ಬಾರ್ ಮತ್ತು ವಿಂಚ್ ಸೇರಿ ನೂರು ಕಿಲೋ ಮುಂದಿನ ಆಕ್ಸಲ್‌ಗಿಂತಲೂ ಮುಂದೆ ನೇತಾಡುತ್ತದೆ. ಹಿಂದೆ ಆಕ್ಸಲ್ ದಾಟಿ ಇಟ್ಟ ಭಾರ ಏತದ ಹಾಗೆ ಕೆಲಸ ಮಾಡಿ ಮೂತಿಯನ್ನು ಎತ್ತುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಭಾರಕ್ಕೆ ಹಿಂದೆ ಕುಸಿಯಿತು ಅಂತ ಏರ್ ಬ್ಯಾಗ್ (ಅಪಘಾತದಲ್ಲಿ ಉಬ್ಬುವುದಲ್ಲ, ಹಿಂದಿನ ಆಕ್ಸಲ್ ಮತ್ತು ಚಾಸಿ ನಡುವೆ ಕೂರುವ ಗಾಳಿ ಚೀಲ) ಹಾಕಿಸಿ ಇನ್ನೂ ತುಂಬಿದವರ ಚಾಸಿ ಬಗ್ಗಿದ್ದೂ ಉಂಟು. ಲೀಫ್ ಸ್ಪ್ರಿಂಗ್ ಭಾರವನ್ನು ಚಾಸಿಯ ಎರಡು ಕಡೆ ಹಂಚುತ್ತದೆ, ಏರ್ ಬ್ಯಾಗ್ ನಡುವಿನ ಒಂದೇ ಜಾಗಕ್ಕೆ ಒತ್ತುತ್ತದೆ.

ಲಿಫ್ಟ್ ಕಿಟ್ ಕೊನೆಗೆ ಅಂತ ನಾನು ಹಟ ಹಿಡಿಯೋದು ಇದಕ್ಕೇ. ಸ್ಪ್ರಿಂಗ್ ಅನ್ನು ಗಾಡಿ ಮೇಲೆ ಸದಾ ಎಷ್ಟು ಭಾರ ಇರುತ್ತದೆ ಅಂತ ನೋಡಿ ಆರಿಸಬೇಕು. ನಾನು ಉಲ್ಟಾ ಮಾಡಿದೆ. ಮೊದಲೇ 300 ಕಿಲೋ ನಿರಂತರ ಭಾರದ ಸ್ಪ್ರಿಂಗ್ ಹಾಕಿಸಿದೆ, ಕ್ಯಾನೊಪಿ ಬಂದದ್ದು ಏಳು ತಿಂಗಳ ಮೇಲೆ. ಆ ಏಳು ತಿಂಗಳು ಹಿಂದಿನ ಸೀಟಿನಲ್ಲಿ ಕೂತವರು ನನ್ನನ್ನು ಬೈಯದೆ ಇಳಿಯಲಿಲ್ಲ. ಪ್ರತಿ ರಸ್ತೆ ಉಬ್ಬಿಗೂ ತಲೆ ಸೂರಿಗೆ ತಾಗುತ್ತಿತ್ತು. ಪಿಕಪ್ ಖಾಲಿ ಇದ್ದಾಗ ಕುಣಿಯುತ್ತದೆ, ಅದು ಅದರ ಹುಟ್ಟುಗುಣ. ಲಿಫ್ಟ್ ಮಾಡಿಸಿದರೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು. ಮುಂದಿನ ಡ್ರೈವ್ ಶಾಫ್ಟ್‌ಗಳ ಕೋನವೂ ಬದಲಾಗಿ ಅವು ಬೇಗ ಸವೆಯುತ್ತವೆ. ಎರಡು ಇಂಚಿಗಿಂತ ಮೇಲೆ ಹೋಗೋ ಯೋಚನೆಯನ್ನಂತೂ ಬಿಡಿ.

ಹಾಗಾದರೆ ಮೊದಲ ದಿನ ಏನೂ ಬೇಡವಾ? ಬೇಕು. ಒಳ್ಳೆ ಗಾಳಿ ಗೇಜ್, ಬ್ಯಾಟರಿಗೆ ನೇರ ಹಾಕುವ ಒಂದು ಕಂಪ್ರೆಸರ್, ಒಂದು ಸಲಿಕೆ.

ಇದನ್ನು ಕಲಿತದ್ದು ಒಂದು ನದಿ ದಂಡೆಯಲ್ಲಿ. ಮರಳಿನಲ್ಲಿ ಗಾಡಿ ಆಕ್ಸಲ್‌ವರೆಗೆ ಕೂತಿತ್ತು. ಮುಂದೆ ಹೊಳೆಯುವ ವಿಂಚ್ ಇದೆ, ಕಟ್ಟೋಕೆ ಸುತ್ತ ಒಂದು ಮರ ಇಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತಿತ್ತು. ಬಣ್ಣ ಹೋದ ಹಳೇ ಪಿಕಪ್‌ನಲ್ಲಿ ಒಬ್ಬ ಹಿರಿಯರು ಬಂದರು. ಸುತ್ತ ಒಂದು ಸಲ ನಡೆದರು. 'ಗಾಳಿ ಎಷ್ಟಿದೆ?' ಅಂದರು. 38 ಅಂದೆ. ಅವರು ಮಾತಾಡಲಿಲ್ಲ, ಕುಕ್ಕರಗಾಲಲ್ಲಿ ಕೂತು, ಕೆಳಗೆ ಬಿದ್ದಿದ್ದ ಒಂದು ಕಡ್ಡಿಯಿಂದ ವಾಲ್ವ್ ಒತ್ತಿ ಹಿಡಿದರು. ಸುಯ್ ಅಂತ ಗಾಳಿ ಹೋಗ್ತಾ ಇದ್ದರೆ ಟೈರಿನ ಪಕ್ಕ ನಿಧಾನವಾಗಿ ಉಬ್ಬಿ ಹೊಟ್ಟೆ ಬಂದ ಹಾಗಾಯಿತು. ನಾಲ್ಕೂ ಚಕ್ರ 18ಕ್ಕೆ ಇಳಿಸಿ, ಮುಂದಿನ ಮರಳನ್ನು ಕೈಯಿಂದಲೇ ಬಳಿದು, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಬಲದ ಗೇರ್) ಹಾಕಿ, ಎರಡನೇ ಗೇರ್‌ನಲ್ಲಿ ಬಿಟ್ಟೆ. ಗಾಡಿ ಎದ್ದು ಹೊರಟಿತು. ಗಾಳಿ ಇಳಿದಾಗ ಟೈರ್ ಅಗಲ ಆಗೋದಕ್ಕಿಂತ ಜಾಸ್ತಿ ಉದ್ದಕ್ಕೆ ನೆಲ ಹಿಡಿಯುತ್ತದೆ, ಭಾರ ಹಂಚಿಹೋಗುತ್ತದೆ. ಆದರೆ ಹಾಗೆ ಇಳಿಸಿದಾಗ ವೇಗವಾಗಿ ಹೋಗಬೇಡಿ, ಚೂಪಾಗಿ ತಿರುಗಿಸಬೇಡಿ, ಟೈರ್ ರಿಮ್ ಬಿಟ್ಟು ಬರುತ್ತದೆ. ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಬೇಕು, ಕಂಪ್ರೆಸರ್ ಇರೋದು ಅದಕ್ಕೆ.

ಎರಡನೇ ಖರ್ಚು ಟೈರ್. ಕಂಪನಿ ಟೈರ್ ಸವೆಯುವವರೆಗೂ ಕಾಯಬಹುದು, ಆಮೇಲೆ ಟಾರ್, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಹಾಕಿಸಿ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ನೋಡೋಕೆ ಚೆಂದ, ಆದರೆ ಆಫೀಸಿಗೆ ಹೋಗುವವನಿಗೆ ಅದರ ಗುಂಯ್‌ಗುಟ್ಟುವ ಸದ್ದು ಸಾಕುಬೇಕಾಗುತ್ತದೆ, ಒದ್ದೆ ಟಾರ್ ಮೇಲೆ ಹಿಡಿತವೂ ಕಡಿಮೆ. ಸೈಜ್ ದೊಡ್ಡದು ಮಾಡುವಾಗ ಯೋಚಿಸಿ. 265/65 ಆರ್ 17 ಬದಲು 265/70 ಹಾಕಿದರೆ ಗಾಡಿ ಎತ್ತರ ಆಗೋದು ಬರೀ 13 ಮಿಲಿಮೀಟರ್. ಅಷ್ಟಕ್ಕೇ ಸ್ಪೀಡೋಮೀಟರ್ ಲೆಕ್ಕ ಶೇಕಡಾ 3ಕ್ಕಿಂತ ಜಾಸ್ತಿ ತಪ್ಪುತ್ತದೆ.

ಮೂರನೆಯದು, ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಎಳೆಯುವ ಹುಕ್‌ಗಳು ಮತ್ತು ಹಿಗ್ಗುವ ರಿಕವರಿ ಹಗ್ಗ. ಹೊಸ ಗಾಡಿಯ ಕೆಳಗೆ ಕಾಣುವ ಕೆಲವು ಕೊಂಡಿಗಳು ಸಾಗಣೆಯಲ್ಲಿ ಕಟ್ಟಿ ಹಾಕೋಕೆ ಮಾತ್ರ, ಹೂತ ಗಾಡಿ ಎಳೆಯೋಕಲ್ಲ. ಟ್ರೇಲರ್ ಕಟ್ಟುವ ಉಂಡೆಯಂಥ ಕೊಂಡಿಗೆ (ಟೋ ಬಾಲ್) ಹಗ್ಗ ಹಾಕಿ ಯಾರೂ ಎಳೆಯದಂತೆ ನೋಡಿಕೊಳ್ಳಿ. ಅದು ಮುರಿದರೆ ಗುಂಡಿನ ಹಾಗೆ ಹಾರಿ ಬರುತ್ತದೆ, ಜನ ಸತ್ತಿದ್ದಾರೆ. ಇದೊಂದರಲ್ಲಿ ತಮಾಷೆ ಇಲ್ಲ.

ವಿಂಚ್ ಬೇಕಾ ಅಂತ ಮೂರು ತಿಂಗಳ ಮೇಲೆ ನಿಮಗೇ ಗೊತ್ತಾಗುತ್ತದೆ. ಒಬ್ಬರೇ ಕೆಸರಿನ ಕಾಡುದಾರಿಗೆ ಹೋಗುವವರಾದರೆ ಬೇಕು. ಇನ್ನೊಂದು ಗಾಡಿ ಜೊತೆಗೆ ಹೋಗುವವರಾದರೆ ಹಗ್ಗ ಸಾಕು. ತಗೊಂಡರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಶಕ್ತಿಯದು ತಗೊಳ್ಳಿ, ಉಕ್ಕಿನದಲ್ಲ, ಸಿಂಥೆಟಿಕ್ ಹಗ್ಗದ್ದು. ಬುಲ್ ಬಾರ್ ಹಾಕಿಸುವ ಮೊದಲು ನಿಮ್ಮ ಮಾಡೆಲ್‌ನ ಏರ್ ಬ್ಯಾಗ್ ಸೆನ್ಸರ್‌ಗೆ, ಮುಂದಿನ ರೇಡಾರ್‌ಗೆ ಅದು ಹೊಂದುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ವಿಮೆಯವರಿಗೂ ತಿಳಿಸಿ. ಸ್ನಾರ್ಕೆಲ್ ಹಾಕಿಸಿದರೆ ಧೂಳಿಗೆ ಒಳ್ಳೆಯದು, ಆದರೆ ಬರೀ ಅದರಿಂದ ಗಾಡಿ ದೋಣಿ ಆಗುವುದಿಲ್ಲ. ಬಿಸಿಯಾದ ಡಿಫರೆನ್ಷಿಯಲ್ (ಎರಡು ಕಡೆಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಆಕ್ಸಲ್‌ನ ಗೇರ್ ಪೆಟ್ಟಿಗೆ) ತಣ್ಣೀರಿಗೆ ಇಳಿದಾಗ ನೀರು ಎಳೆದುಕೊಳ್ಳುತ್ತದೆ, ಅದರ ಗಾಳಿಯಾಡುವ ಬ್ರೀದರ್ ಪೈಪ್‌ಗಳನ್ನೂ ಮೇಲಕ್ಕೆ ತರಬೇಕು. ಕ್ಯಾನೊಪಿ ವಿಷಯ ನಿಮ್ಮ ಇಷ್ಟ. ಮಕ್ಕಳ ಸಾಮಾನು ನೆನೆಯದಿರಲಿ ಅಂತಾದರೆ ಸದ್ಯಕ್ಕೆ ಒಂದು ಹಗುರ ಕವರ್ ಸಾಕು.

ಬುಕಿಂಗ್ ಬದಲಿಸುವ ಅವಕಾಶ ಇನ್ನೂ ಇದ್ದರೆ, ಆಕ್ಸೆಸರಿ ದುಡ್ಡಿನಲ್ಲಿ ಹಿಂದಿನ ಡಿಫ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಡಿಫರೆನ್ಷಿಯಲ್ ಬಿಗಿಯುವ ಲಾಕ್) ಇರುವ ವೇರಿಯೆಂಟ್ ತಗೊಳ್ಳಿ. ಆಮೇಲೆ ಹಾಕಿಸೋದು ದೊಡ್ಡ ಕೆಲಸ. ನಿಮ್ಮ ಓಡಾಟ ಜಾಸ್ತಿ ಊರೊಳಗೇ ಅಂತೀರಿ, ಡೀಸೆಲ್ ಗಾಡಿಗೆ ಹೊಗೆ ಫಿಲ್ಟರ್ ಇದ್ದರೆ ಆಗಾಗ ಹೈವೇಯಲ್ಲಿ ಒಂದರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮಸಿ ಕಟ್ಟಿಕೊಳ್ಳುತ್ತದೆ. ಇನ್ನು ಹೆಚ್ಚಿನ ಪಿಕಪ್‌ಗಳಲ್ಲಿ ಫೋರ್ ಹೈ (ಮಾಮೂಲಿ ವೇಗಕ್ಕೆ ನಾಲ್ಕೂ ಚಕ್ರದ ಡ್ರೈವ್) ಒಣ ಟಾರ್ ಮೇಲೆ ಹಾಕುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಉರುಳಬೇಕು. ನಡುವೆ ಡಿಫರೆನ್ಷಿಯಲ್ ಇಲ್ಲದೆ ಎರಡೂ ಕಡೆ ಒಂದೇ ವೇಗಕ್ಕೆ ಬಿಗಿದಿರುತ್ತದೆ, ಯಾರೋ ಹಿಂದಿನಿಂದ ಹಿಡಿದ ಹಾಗೆ ಗಾಡಿ ಜಗ್ಗುತ್ತದೆ. ಮಿತ್ಸುಬಿಷಿ ಟ್ರೈಟನ್‌ನ ಸೂಪರ್ ಸೆಲೆಕ್ಟ್ ಇರುವ ಮಾಡೆಲ್‌ಗಳಂಥ ಕೆಲವಕ್ಕೆ ಮಾತ್ರ ಆ ತೊಂದರೆ ಇಲ್ಲ.

ಡೆಲಿವರಿ ಆದ ಮೊದಲ ಭಾನುವಾರ ಮನೆ ಮುಂದೆ ನಿಲ್ಲಿಸಿ ಸ್ಟೆಪ್ನಿ ಇಳಿಸಿ, ಒಂದು ಚಕ್ರ ಬದಲಿಸಿ ನೋಡಿ. ಪಿಕಪ್‌ನಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಬಾಡಿ ಕೆಳಗೆ ಚೈನಿನಲ್ಲಿ ನೇತಾಡುತ್ತಿರುತ್ತದೆ, ಇಳಿಸೋಕೆ ಉದ್ದದ ಒಂದು ರಾಡ್ ಬೇಕು. ನಾನು ಆ ರಾಡ್ ಹುಡುಕಿದ್ದು ರಾತ್ರಿ ಹನ್ನೊಂದಕ್ಕೆ, ಮಳೆಯಲ್ಲಿ, ಡ್ರಾಯರ್‌ನಲ್ಲಿದ್ದ ಸಾಮಾನೆಲ್ಲಾ ಹೊರಗೆ ಹಾಕಿ. ಹಿಂದಿನ ಸೀಟಿನ ಅಡಿಯಲ್ಲಿತ್ತು.