ಮೊದಲು ಕ್ಯಾನ್ ಮೇಲಿನ ಚೀಟಿ ಓದಿ

ಪ್ರಶ್ನೆ: ಅಕ್ಕಾ, ಅಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಡಾಕ್ಟರು ಸಿಪ್ಯಾಪ್ ಮೆಷಿನ್ (ಮಲಗಿದಾಗ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಬರೆದುಕೊಟ್ಟಿದ್ದಾರೆ. ಗಾಳಿಗೆ ತೇವ ಕೊಡುವ ಅದರ ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರೇ ಹಾಕಬೇಕಂತೆ. ಇನ್ವರ್ಟರ್ ಬ್ಯಾಟರಿಗೆ ತರುವ ಕ್ಯಾನ್ ನೀರು ಸಾಕಾ? ಇಲ್ಲ ನೀರು ಕುದಿಸಿ ಆವಿಯಿಂದ ಶುದ್ಧ ನೀರು ಇಳಿಸುವ ಡಿಸ್ಟಿಲರ್ ಅನ್ನೇ ಮನೆಗೆ ತರಬೇಕಾ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಬ್ಯಾಟರಿ ನೀರು ಖಂಡಿತ ಬೇಡ. ನಮ್ಮ ಯಜಮಾನರಿಗೂ ಇದೇ ಮೆಷಿನ್. ಶುರುವಿನಲ್ಲಿ ನಾನೂ ಬ್ಯಾಟರಿ ಅಂಗಡಿಯಿಂದಲೇ 5 ಲೀಟರ್ ಕ್ಯಾನ್ ತಂದಿದ್ದೆ. ಎರಡು ವಾರ ಹಾಕಿದ ಮೇಲೆ ಚೀಟಿ ಓದಿದೆ. ‘ಡಿ.ಎಂ. ವಾಟರ್’ ಅಂತ ಇತ್ತು. ಎದೆ ಧಸಕ್ಕೆಂದಿತು. ಅದು ಕುದಿಸಿ ಇಳಿಸಿದ ನೀರಲ್ಲ, ಉಪ್ಪಿನಂಶ ಮಾತ್ರ ತೆಗೆದ ನೀರು. ಬ್ಯಾಟರಿಗೆ ಅಷ್ಟು ಸಾಕು. ಆದರೆ ಆ ವಿಧಾನದಲ್ಲಿ ರೋಗಾಣು ಸಾಯುವುದಿಲ್ಲ, ಅಪ್ಪ ರಾತ್ರಿಯಿಡೀ ಉಸಿರಾಡುವುದು ಆ ನೀರಿನ ಮೇಲೆ ಹಾದು ಬರುವ ಗಾಳಿಯನ್ನು. ಮೆಡಿಕಲ್ ಸ್ಟೋರಿನಲ್ಲಿ ಸೀಲ್ ಮಾಡಿದ, ‘ಡಿಸ್ಟಿಲ್ಡ್’ ಅಂತಲೇ ಬರೆದ ಬಾಟಲಿ ಕೇಳಿ. ನಿಮ್ಮೂರಲ್ಲಿ ತಪ್ಪದೆ ಸಿಗುತ್ತದೆ ಅಂದರೆ ಅದನ್ನೇ ತನ್ನಿ, ಡಿಸ್ಟಿಲರ್ ಬೇಡ.

ನಮಗೆ ಸಿಗುತ್ತಿರಲಿಲ್ಲ. ಒಂದು ರಾತ್ರಿಗೆ ಸುಮಾರು 300 ಎಂ.ಎಲ್. ಅಂದರೆ ತಿಂಗಳಿಗೆ 9 ಲೀಟರ್ ಬೇಕು. ಅದಕ್ಕೇ ಡಿಸ್ಟಿಲರ್ ತಂದೆವು. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಮುಕ್ಕಾಲು ಯೂನಿಟ್ ಕರೆಂಟ್ ಬೇಕೇ ಬೇಕು, ಯಾವ ಕಂಪನಿಯದಾದರೂ ಅಷ್ಟೇ. ತಿಂಗಳಿಗೆ ಏಳೆಂಟು ಯೂನಿಟ್. ಗೃಹಜ್ಯೋತಿ ಲೆಕ್ಕ ಅಂಚಿನಲ್ಲಿದ್ದರೆ ಮೀಟರ್ ಮೇಲೆ ಕಣ್ಣಿಡಿ. 4 ಲೀಟರ್ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸಬೇಡಿ, ಬ್ಯಾಟರಿ ಬೇಗ ಇಳಿದುಹೋಗುತ್ತದೆ.

ನಿಮ್ಮ ಕಡೆ ಬೋರ್ ನೀರು ಗಡಸು ಅಲ್ವಾ? ನಮ್ಮದೂ ಹಾಗೇ. ಮೊದಲ ಸಲ ಡಿಸ್ಟಿಲರ್ ಮುಚ್ಚಳ ತೆಗೆದಾಗ ತಳದಲ್ಲಿ ಕಂದು ಬಣ್ಣದ ಕೆಸರು, ಅಂಚಿನಲ್ಲಿ ಸುಣ್ಣದಂಥ ಬಿಳಿ ಪಟ್ಟಿ. ಅದನ್ನು ಒಣಗಲು ಬಿಟ್ಟರೆ ಉಗುರಿನಿಂದಲೂ ಏಳುವುದಿಲ್ಲ. ಡಿಸ್ಟಿಲರ್ ಆರಿದ ಕೂಡಲೇ ತೊಳೆಯಿರಿ. ಪಟ್ಟಿ ಕೂತರೆ ಎರಡು ಚಮಚ ನಿಂಬೆ ಉಪ್ಪು ಹಾಕಿ ನೀರು ಬಿಸಿ ಮಾಡಿ, ಅರ್ಧ ಗಂಟೆ ಬಿಡಿ. ತಾನೇ ಕರಗುತ್ತದೆ. ಮನೆಯಲ್ಲಿ ಆರ್.ಓ. ಇದ್ದರೆ ಡಿಸ್ಟಿಲರ್‌ಗೆ ಆ ನೀರನ್ನೇ ಸುರಿಯಿರಿ, ತೊಳೆಯುವ ಕೆಲಸ ಎಷ್ಟೋ ಕಡಿಮೆ. ಆರ್.ಓ. ನೀರನ್ನೇ ನೇರವಾಗಿ ಡಬ್ಬಿಗೆ ಹಾಕಿದರೆ? ಅದರಲ್ಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ, ನಿಧಾನವಾಗಿ ಪಟ್ಟಿ ಕಟ್ಟುತ್ತದೆ.

ಇಳಿಸಿದ ನೀರನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿಡಿ, ಸ್ಟೀಲ್ ಚೊಂಬಿನಲ್ಲಿ ತೆರೆದಿಡಬೇಡಿ. ಇನ್ನೊಂದು ಮಾತು, ಇದೇ ಎಲ್ಲಕ್ಕಿಂತ ಮುಖ್ಯ. ನೀರು ಎಷ್ಟೇ ಶುದ್ಧವಿರಲಿ, ಸಿಪ್ಯಾಪ್ ಡಬ್ಬಿಯಲ್ಲಿ ನಿನ್ನೆಯದನ್ನು ಇವತ್ತಿಗೆ ಉಳಿಸಬೇಡಿ. ಬೆಳಗ್ಗೆ ಅಪ್ಪ ಎದ್ದ ಕೂಡಲೇ ಡಬ್ಬಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿ ಒಣಗಿಸಿ. ಉಳಿದ ನೀರು ತುಳಸಿ ಗಿಡಕ್ಕೆ ಹಾಕಿ.